ಪಟ್ಟಿಯಿಂದ ಬಿಟ್ಟುಹೋಗುವ ಹೆಸರು

(ಮಹಿಳಾ ವಿಭಾಗದ ವಾರ್ಷಿಕ ಸ್ನೇಹಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ, ಪರಿಚಿತರ ಸಂಪರ್ಕ ಇಟ್ಟುಕೊಳ್ಳುವುದು ಮತ್ತು ಅವರಿಗೆ ನೆರವಾಗುವುದು. ಕೇಳುವಾಗ ಬಹಳ ಸುಲಭದ ವಿಷಯ ಅನಿಸುತ್ತದೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದರಲ್ಲಿ ಐನೂರೋ ಸಾವಿರವೋ ಹೆಸರುಗಳಿವೆ, ಇನ್ನೇನು ಬೇಕು ಎಂದು ನೀವು ಕೇಳಬಹುದು. ಹಾಗಾದರೆ ಒಂದು ಕೆಲಸ ಮಾಡಿ. ಈಗಲೇ ಮೊಬೈಲ್ ತೆಗೆದು 'ಶ' ಅಕ್ಷರಕ್ಕೆ ಹೋಗಿ. ನನ್ನದರಲ್ಲಿ ಏನಿದೆ ಎಂದು ನಾನೇ ಓದುತ್ತೇನೆ. ಶೆಟ್ಟಿ ಅಂಧೇರಿ, ಶೆಟ್ಟಿ ಕ್ಯಾಟರಿಂಗ್, ಶೈಲಾ ಭಜನೆ, ಶೋಭಾ ಹೊಸದು, ಶೋಭಾ ಹಳೆಯದು. ನಗುತ್ತಿದ್ದೀರಿ, ಎಂದರೆ ನಿಮ್ಮದರಲ್ಲೂ ಹೀಗೆಯೇ ಇದೆ. ಈಗ ಹೇಳಿ, ಈ 'ಶೈಲಾ ಭಜನೆ'ಯವರು ಯಾವ ಕಟ್ಟಡದಲ್ಲಿ ಎಷ್ಟನೇ ಮಹಡಿಯಲ್ಲಿದ್ದಾರೆ? ಮನೆಯಲ್ಲಿ ಇನ್ಯಾರಿದ್ದಾರೆ? ಅವರ ಫೋನ್ ಎರಡು ದಿನ ಸ್ವಿಚ್ ಆಫ್ ಬಂದರೆ ನೀವು ಇನ್ಯಾರಿಗೆ ಫೋನ್ ಮಾಡುತ್ತೀರಿ? ಹತ್ತು ಹೆಸರುಗಳಿಗೆ ಈ ಮೂರು ಪ್ರಶ್ನೆ ಕೇಳಿ ನೋಡಿ. ನಮ್ಮಲ್ಲಿ ಇರುವುದು ನಂಬರು. ಆ ನಂಬರಿನ ಹಿಂದಿನ ಮನುಷ್ಯರ ವಿಚಾರ ಬೇರೆ.

ನಮ್ಮ ಹಿರಿಯರು ಈ ಊರಿಗೆ ಬಂದದ್ದೇ ಒಂದು ಹೆಸರು, ಒಂದು ವಿಳಾಸ ಹಿಡಿದುಕೊಂಡು. ಹಡಗಿನಲ್ಲಿ ಬಂದರು, ಬಸ್ಸಿನಲ್ಲಿ ಬಂದರು. ಕೊಂಕಣ ರೈಲು ಪೂರ್ತಿ ದಾರಿ ಓಡಲು ಶುರುವಾದದ್ದು 1998ರಲ್ಲಿ, ಅಷ್ಟು ಹೊತ್ತಿಗೆ ಇಲ್ಲಿ ಬರಬೇಕಾದವರೆಲ್ಲ ಬಂದಾಗಿತ್ತು. ಅವರ ಕಿಸೆಯ ಚೀಟಿಯಲ್ಲಿ ಇರುತ್ತಿದ್ದುದು ಬಹಳ ಸಲ ಒಂದು ಹೊಟೇಲಿನ ಹೆಸರು. ಆ ಹೊಟೇಲಿನ ಗಲ್ಲಾದಲ್ಲಿ ಕುಳಿತವರಿಗೆ ಯಾರ ಮಗ ಯಾವ ಖೋಲಿಯಲ್ಲಿದ್ದಾನೆ, ಯಾರಿಗೆ ಊರಿನಿಂದ ಕಾಗದ ಬಂದಿದೆ, ಯಾರು ಮೂರು ತಿಂಗಳಿಂದ ಮನೆಗೆ ಮನಿಯಾರ್ಡರ್ ಮಾಡಿಲ್ಲ, ಎಲ್ಲವೂ ಗೊತ್ತು. 1942ರಲ್ಲಿ ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಅಲ್ಲಿ ಊಟಕ್ಕೆ ಬರುತ್ತಿದ್ದವರು ಹೆಚ್ಚಾಗಿ ಮನೆಬಿಟ್ಟು ಬಂದ ದಕ್ಷಿಣದ ಹುಡುಗರು. ದಿನವೂ ಒಂದೇ ಪಂಕ್ತಿಯಲ್ಲಿ ಉಣ್ಣುವವನು ನಾಲ್ಕು ದಿನ ಕಾಣದಿದ್ದರೆ ಪಕ್ಕದವನು ವಿಚಾರಿಸುತ್ತಿದ್ದ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಮಾಹಿಮಿನ ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ನಮ್ಮವರ ರಾತ್ರಿ ಶಾಲೆಗಳಂತೂ ನಿಮಗೆಲ್ಲ ಗೊತ್ತೇ ಇದೆ. ಈ ಸಭೆಯಲ್ಲೇ ಎಷ್ಟೋ ಮಂದಿಯ ತಂದೆಯವರು ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಅಲ್ಲಿ ಓದಿದವರು. ಅಲ್ಲಿನ ಹಾಜರಿ ಪುಸ್ತಕ ಪಾಠಕ್ಕೆ ಮಾತ್ರ ಅಲ್ಲ. ಮೂರು ರಾತ್ರಿ ಬಾರದ ಹುಡುಗನಿಗೆ ಜ್ವರವೋ, ಕೆಲಸ ಹೋಯಿತೋ ಎಂಬುದು ಮಾಸ್ತರರಿಗೆ ತಿಳಿಯುತ್ತಿದ್ದುದು ಅದರಿಂದಲೇ.

ಆದರೆ ಗಮನಿಸಿ, ಇದೆಲ್ಲ ಗಂಡಸರ ಲೆಕ್ಕ. ಮನೆಯಲ್ಲಿದ್ದ ಹೆಂಗಸರ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಇದ್ದದ್ದು ಚಾಳಿನ ಗ್ಯಾಲರಿಯಲ್ಲಿ. ಬೆಳಗ್ಗೆ ನಲ್ಲಿಗೆ ಕೊಡ ಹಿಡಿದು ಬಾರದಿದ್ದರೆ ಪಕ್ಕದ ಖೋಲಿಯವಳು ಬಾಗಿಲು ತಟ್ಟುತ್ತಿದ್ದಳು. ಯಾರ ಮನೆಯ ಸ್ಟವ್ ಹೊತ್ತಿಲ್ಲ, ಯಾರ ಮಗು ರಾತ್ರಿಯಿಡೀ ಅತ್ತಿದೆ, ಯಾರ ಕೆನ್ನೆ ಊದಿಕೊಂಡಿದೆ ಎಂದು ಬರೆದಿಡುವ ಅಗತ್ಯವೇ ಇರಲಿಲ್ಲ. ಒಳಗುಟ್ಟು ಉಳಿಯುತ್ತಿರಲಿಲ್ಲ ಎಂಬ ಕಷ್ಟ ಇತ್ತು, ಅದನ್ನು ನಾನು ಮರೆತಿಲ್ಲ. ಚಾಳನ್ನು ಈಗ ಸ್ವರ್ಗ ಎಂದು ಹೇಳುವವರು ಅಲ್ಲಿನ ಸಾಮಾನ್ಯ ಪಾಯಿಖಾನೆಯ ಸಾಲಿನಲ್ಲಿ ನಿಂತಿರಲಿಕ್ಕಿಲ್ಲ. ಆದರೂ ನೋಡುವ ಕಣ್ಣಿತ್ತು. ಚಾಳು ಹೋಗಿ ಟವರ್ ಬಂತು, ಗಿರಗಾಂವ್, ಪರೇಲಿನಲ್ಲಿದ್ದವರು ಮೀರಾರೋಡಿಗೆ, ನಾಲಾಸೋಪಾರಕ್ಕೆ, ಐರೋಲಿಗೆ ಹೋದರು. ಬಾಗಿಲು ಮುಚ್ಚಿತು. ಆ ಕಣ್ಣಿನ ಜಾಗಕ್ಕೆ ನಾವು ಏನನ್ನು ಇಟ್ಟಿದ್ದೇವೆ? ಒಂದು ವಾಟ್ಸಾಪ್ ಗ್ರೂಪ್. ಅದರಲ್ಲಿ ದಿನಕ್ಕೆ ನಲವತ್ತು ಶುಭೋದಯ.

ಗ್ರೂಪಿನಲ್ಲಿ ಇದ್ದರೆ ಸಂಪರ್ಕದಲ್ಲಿ ಇದ್ದ ಹಾಗೆ ಅಲ್ಲ ಎಂಬುದನ್ನು ಈ ಊರು ನಮಗೆ ಆಗಾಗ ತೋರಿಸಿದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಲೋಕಲ್ ನಿಂತಿತು, ಕರೆಂಟ್ ಹೋಯಿತು, ಮೊಬೈಲಿನ ಬ್ಯಾಟರಿ ಸತ್ತಿತು. ನಂಬರು ಮೊಬೈಲಿನಲ್ಲಿ ಮಾತ್ರ ಇದ್ದವರಿಗೆ ಪಕ್ಕದ ಅಂಗಡಿಯ ಫೋನ್ ಸಿಕ್ಕಿದರೂ ಪ್ರಯೋಜನವಾಗಲಿಲ್ಲ. ಮರುವರ್ಷ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲುಗಳಲ್ಲಿ ಹನ್ನೊಂದು ನಿಮಿಷಗಳ ಒಳಗೆ ಏಳು ಬಾಂಬುಗಳು ಸಿಡಿದವು, ಎಲ್ಲವೂ ಫಸ್ಟ್ ಕ್ಲಾಸ್ ಡಬ್ಬಿಯಲ್ಲಿ. ಫೋನ್ ಲೈನುಗಳೆಲ್ಲ ಜಾಮ್. ಆ ಸಂಜೆ ಮನೆಯಲ್ಲಿ ಕಾಯುತ್ತಿದ್ದವರಿಗೆ ಬೇಕಾಗಿದ್ದುದು, ಅವರು ಹಿಡಿಯುವ ಲೋಕಲ್ ಯಾವುದು, ಪಾಸ್ ಫಸ್ಟ್ ಕ್ಲಾಸಿನದೋ ಸೆಕೆಂಡಿನದೋ, ಆಫೀಸಿನಲ್ಲಿ ಪಕ್ಕದ ಮೇಜಿನವರ ಹೆಸರೇನು ಎಂಬಷ್ಟು ಸಣ್ಣ ವಿಚಾರ. 2020ರ ಮಾರ್ಚ್ 25ರಿಂದ ಎಲ್ಲ ಮುಚ್ಚಿದಾಗ ಸಂಘ ಸಂಸ್ಥೆಗಳು ಅಕ್ಕಿ ಬೇಳೆಯ ಕಿಟ್ ಹಂಚಿದವು. ದೊಡ್ಡ ಕೆಲಸವೇ. ಆದರೆ ಅದು ತಲುಪಿದ್ದು ಪಟ್ಟಿಯಲ್ಲಿದ್ದವರಿಗೆ ಮತ್ತು ಬಾಯಿಬಿಟ್ಟು ಕೇಳಿದವರಿಗೆ. ಕೇಳಲು ನಾಚಿದವರು ಯಾರು ಎಂಬುದು ತಿಳಿದಿದ್ದದ್ದು ನಮ್ಮಲ್ಲಿನ ಕೆಲವು ಅಕ್ಕಂದಿರಿಗೆ ಮಾತ್ರ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ನಮ್ಮ ಸಂಘಗಳ ಸದಸ್ಯರ ಪಟ್ಟಿ ಹೆಚ್ಚಾಗಿ ಯಾರ ಹೆಸರಿನಲ್ಲಿದೆ? ಗಂಡನ ಹೆಸರಿನಲ್ಲಿ. 'ಶ್ರೀ ಇಂಥವರು ಮತ್ತು ಕುಟುಂಬ.' ನಂಬರು ಗಂಡನದು. ಆಮಂತ್ರಣ ಪತ್ರಿಕೆ ಹೋಗುವುದು ಆ ಹೆಸರಿಗೆ, ಮೆಸೇಜ್ ಹೋಗುವುದು ಆ ಮೊಬೈಲಿಗೆ. ಹೆಂಡತಿ ಎಲ್ಲ ಕಾರ್ಯಕ್ರಮಕ್ಕೂ ಬರುತ್ತಾಳೆ, ಭಜನೆಯಲ್ಲಿ ಮುಂದೆ ಕುಳಿತುಕೊಳ್ಳುತ್ತಾಳೆ, ಆಟಿಡೊಂಜಿ ದಿನಕ್ಕೆ ಪತ್ರೊಡೆ ಮಾಡಿ ತರುತ್ತಾಳೆ. ಒಂದು ದಿನ ಗಂಡ ತೀರಿಕೊಳ್ಳುತ್ತಾರೆ. ಸಂತಾಪ ಸಭೆ ಆಗುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಅದಾದ ಮೇಲೆ ಕಚೇರಿಯಲ್ಲಿ ಕುಳಿತ ಯಾರೋ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಾ ಆ ಹೆಸರಿನ ಮೇಲೆ ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯ ಅಡಿಯಲ್ಲಿ ಹೆಂಡತಿಯೂ ಹೋದಳು. ಗಂಡನ ಮೊಬೈಲಿಗೆ ಯಾರೂ ರೀಚಾರ್ಜ್ ಮಾಡುವುದಿಲ್ಲ. ತೊಂಬತ್ತು ದಿನ ಬಳಸದೇ ಬಿಟ್ಟ ಪ್ರೀಪೇಡ್ ನಂಬರನ್ನು ಕಂಪನಿ ನಿಲ್ಲಿಸಬಹುದು, ಆಮೇಲೆ ಅದು ಬೇರೆಯವರ ಪಾಲಾಗುತ್ತದೆ. ಮುಂದಿನ ವರ್ಷ ಯಾರಾದರೂ ನೆನಪು ಮಾಡಿಕೊಂಡು ಫೋನ್ ಮಾಡಿದರೆ ಎತ್ತುವುದು ಜೋಗೇಶ್ವರಿಯ ಯಾವುದೋ ಹುಡುಗ.

ಆಕೆಗೆ ಜನ ಬೇಕಾಗಿದ್ದುದೇ ಆ ತಿಂಗಳುಗಳಲ್ಲಿ. ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಆದ್ದರಿಂದ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಪಡಬೇಡಿ. ಗಂಡ ಪಿ.ಎಫ್. ಇದ್ದ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಪಿ.ಎಫ್. ಹಣಕ್ಕೆ ಫಾರ್ಮ್ 20, ಹೆಂಡತಿಯ ಪಿಂಚಣಿಗೆ ಫಾರ್ಮ್ 10ಡಿ, ವಿಮೆಗೆ ಫಾರ್ಮ್ 5ಐಎಫ್. ಈ ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಇಡಿಎಲ್‌ಐ ಎಂಬ ಈ ವಿಮೆಯ ಹಣ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಇದೆ. ಇದಕ್ಕೆ ಕಂತು ಕಟ್ಟುವವರು ಮಾಲಕರು, ಕೆಲಸಗಾರರ ಸಂಬಳದಿಂದ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ. ಹಿಡಿಯದ ಕಾರಣ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ, ಕಾಣದ ಕಾರಣ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಕಡಿಮೆ ವರಮಾನದ, ಆಸರೆ ಇಲ್ಲದ ಹೆಂಗಸರಿಗೆ ನಮ್ಮ ರಾಜ್ಯದಲ್ಲಿ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ ಇದೆ, ಅದಕ್ಕೆ ಅರ್ಜಿ ತಹಸೀಲ್ದಾರ್ ಕಚೇರಿಗೆ. ಎಲ್ಲ ಕಡೆಯೂ ಕೇಳುವುದು ಮರಾಠಿ ಇಲ್ಲವೆ ಹಿಂದಿಯಲ್ಲಿ, ತುಂಬಬೇಕಾದ ಫಾರ್ಮು ಇನ್ನೊಂದು ಭಾಷೆಯಲ್ಲಿ. ಇಪ್ಪತ್ತೈದು ವರ್ಷ ಮನೆಯೊಳಗೆ ತುಳುವೋ ಕನ್ನಡವೋ ಮಾತಾಡಿಕೊಂಡಿದ್ದ ಹೆಂಗಸಿಗೆ ಆ ಕೌಂಟರಿನ ಮುಂದೆ ಬಾಯಿ ಬರುವುದಿಲ್ಲ. ನಾನು ಕೌಂಟರಿನ ಒಳಬದಿಯಲ್ಲಿ ಕುಳಿತು ಅಂಥವರನ್ನು ಎಷ್ಟೋ ಮಂದಿಯನ್ನು ನೋಡಿದ್ದೇನೆ. ಜೊತೆಗೆ ಒಬ್ಬರು ಬಂದಿದ್ದರೆ ಅರ್ಧ ಗಂಟೆಯ ಕೆಲಸ. ಒಬ್ಬರೇ ಬಂದರೆ ಐದು ಸಲ ಅಲೆದಾಟ.

ನಮ್ಮ ಸಂಘದಲ್ಲಿ ಈ ಕೌಂಟರಿಗೆ ಜೊತೆಗೆ ಹೋಗಬಲ್ಲವರು ಇಲ್ಲವೇ? ಬೇಕಾದಷ್ಟಿದ್ದಾರೆ. ಬ್ಯಾಂಕಿನಿಂದ, ಎಲ್‌ಐಸಿಯಿಂದ, ಬಿಎಂಸಿಯಿಂದ ನಿವೃತ್ತರಾದವರನ್ನು ಎಣಿಸಿದರೆ ಈ ಸಭಾಗೃಹದ ಎರಡು ಸಾಲು ತುಂಬುತ್ತದೆ. ನೆರವು ಕೊಡುವವರು ಇದ್ದಾರೆ, ಬೇಕಾದವರೂ ಇದ್ದಾರೆ, ಇಬ್ಬರ ಹೆಸರೂ ಒಂದೇ ಹಾಳೆಯಲ್ಲಿ ಇಲ್ಲ.

ಕಲ್ಯಾಣದ ಕಡೆಯ ನಮ್ಮ ಸದಸ್ಯೆಯೊಬ್ಬರು ಈ ಕೆಲಸವನ್ನು ಒಬ್ಬರೇ ಮಾಡುತ್ತಿದ್ದಾರೆ. ತನ್ನ ಹೆಸರು ಹೇಳಬಾರದು ಎಂದು ತಾಕೀತು ಮಾಡಿದ್ದಾರೆ, ಆದ್ದರಿಂದ ಅಕ್ಕ ಎಂದು ಮಾತ್ರ ಹೇಳುತ್ತೇನೆ. ಅವರ ಹತ್ತಿರ ಇರುವುದು ಇನ್ನೂರು ಪುಟದ ಒಂದು ನೋಟ್‌ಬುಕ್. ಒಂದು ಮನೆಗೆ ಒಂದು ಪುಟ. ಹೆಸರು ಪೆನ್ನಿನಲ್ಲಿ, ನಂಬರು ಪೆನ್ಸಿಲಿನಲ್ಲಿ, ಯಾಕೆಂದರೆ ಬದಲಾಗುವುದು ನಂಬರು. ಪುಟದ ಮೇಲೆ ಇರುವುದು ಹೆಂಗಸಿನ ಹೆಸರು. ಗಂಡನ ಹೆಸರು ಅದರ ಕೆಳಗೆ. ನಾನು ಅದನ್ನು ನೋಡಿ ನಕ್ಕಾಗ ಅವರು ನಗಲಿಲ್ಲ. "ಗಂಡಸರದ್ದು ಬರೆಯಲಿಕ್ಕೆ ಸಂಘದ ರಿಜಿಸ್ಟರ್ ಇದೆಯಲ್ಲ" ಎಂದರು.

ವಿಳಾಸ ಎಂದು ಪಿನ್‌ಕೋಡ್ ಬರೆದಿಲ್ಲ. ಸ್ಟೇಷನಿನ ಯಾವ ದಿಕ್ಕು, ರಿಕ್ಷಾದವನಿಗೆ ಏನು ಹೇಳಬೇಕು, ಯಾವ ಗೇಟು ರಾತ್ರಿ ಬೀಗ ಹಾಕುತ್ತದೆ, ಲಿಫ್ಟ್ ಇದೆಯೋ ಇಲ್ಲವೋ, ಅದು ಬರೆದಿದೆ. ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ ಎಂದು ಬರೆದಿದೆ. ಎದುರು ಮನೆಯ ಮರಾಠಿ ವಹಿನಿಯ ನಂಬರು ಬರೆದಿದೆ. ನನಗೆ ಬಹಳ ಹಿಡಿಸಿದ್ದು ಇದು. ಆಪತ್ತಿನಲ್ಲಿ ಎರಡು ನಿಮಿಷದಲ್ಲಿ ಬಾಗಿಲಿಗೆ ಬರುವವರು ಆ ವಹಿನಿ, ಹದಿನೈದು ಸ್ಟೇಷನ್ ಆಚೆ ಇರುವ ನಾವಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗನ ನಂಬರಿನ ಪಕ್ಕದಲ್ಲಿ ಅಲ್ಲಿಗೆ ಎಷ್ಟು ಗಂಟೆ ವ್ಯತ್ಯಾಸ ಎಂದು ಇದೆ. ಊರಿನಲ್ಲಿರುವ ತಮ್ಮನ ನಂಬರು ಇದೆ. ಯಾರಿಗೆ ಓದಲು ಕಣ್ಣು ಕಾಣುವುದಿಲ್ಲ, ವಾಯ್ಸ್ ಮೆಸೇಜೇ ಹಾಕಬೇಕು ಎಂದೂ ಇದೆ.

ಪುಟದ ಕೆಳಭಾಗದಲ್ಲಿ ಇನ್ನೊಂದು ವಿಚಾರ, ಆಕೆಗೆ ಏನು ಗೊತ್ತಿದೆ. ಒಬ್ಬರಿಗೆ ಆಸ್ಪತ್ರೆಯ ಕೇಸ್ ಪೇಪರ್ ಮಾಡಿಸುವ ಕ್ರಮ ಗೊತ್ತು. ಒಬ್ಬರು ಹತ್ತನೆಯ ಗಣಿತ ಕಲಿಸುತ್ತಾರೆ. ಒಬ್ಬರು ಕಾರು ಓಡಿಸುತ್ತಾರೆ. ಗಂಡ ಹೋಗಿ ಆರು ವರ್ಷವಾದ ಒಬ್ಬರ ಪುಟದಲ್ಲಿ 'ಹೊಸದಾಗಿ ಗಂಡನನ್ನು ಕಳೆದುಕೊಂಡವರ ಹತ್ತಿರ ಕುಳಿತುಕೊಳ್ಳುತ್ತಾರೆ, ಹೆಚ್ಚು ಮಾತಾಡುವುದಿಲ್ಲ' ಎಂದು ಬರೆದಿದ್ದಾರೆ. ನೆರವು ಬೇಕಾದವರ ಪಟ್ಟಿ ಒಂದು, ಕೊಡುವವರ ಪಟ್ಟಿ ಇನ್ನೊಂದು ಎಂದು ಅಕ್ಕ ಮಾಡಿಲ್ಲ. ಎಲ್ಲರಿಗೂ ಒಂದೇ ಪುಟ, ಅದರಲ್ಲಿ ಎರಡೂ ಇರುತ್ತದೆ. ತೆಗೆದುಕೊಳ್ಳುವವರು ಎಂದು ಮಾತ್ರ ಬರೆದರೆ ಯಾವ ಸ್ವಾಭಿಮಾನದ ಹೆಂಗಸೂ ತನ್ನ ವಿವರ ಕೊಡುವುದಿಲ್ಲ.

ಕಡೆಯದು ತಾರೀಕು. ಕೊನೆಯ ಸಲ ಮಾತಾಡಿದ್ದು ಯಾವಾಗ, ಏನು ಮಾತಾಯಿತು, ನಾನು ಏನು ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. 'ಸೊಸೆಗೆ ಏಳು ತಿಂಗಳು.' 'ಬಲಗಣ್ಣಿನ ಆಪರೇಷನ್ ದೀಪಾವಳಿಯ ನಂತರ.' 'ಮಗಳ ವಿಚಾರ ಎತ್ತಬಾರದು.' ಮುಂದಿನ ಸಲ ಫೋನ್ ಮಾಡುವ ಮೊದಲು ಆ ಸಾಲು ಓದುತ್ತಾರೆ. ಆದ್ದರಿಂದ ಅವರ ಫೋನ್ ಬಂದರೆ ಜನರಿಗೆ, ಈಕೆಗೆ ನನ್ನ ನೆನಪಿದೆ ಎಂದು ಅನಿಸುತ್ತದೆ. ಬರೆದಿಟ್ಟು ನೆನಪಿಟ್ಟುಕೊಳ್ಳುವುದು ನಾಟಕವಲ್ಲವೇ ಎಂದು ಒಬ್ಬರು ನನ್ನನ್ನು ಕೇಳಿದರು. ಮದುವೆಯ ಉಡುಗೊರೆಯ ಲೆಕ್ಕವನ್ನು ನಾವು ಮೂವತ್ತು ವರ್ಷ ಬರೆದಿಡುತ್ತೇವೆ ಮಾರಾಯ್ರೆ, ಯಾರು ಎಷ್ಟು ಮುಯ್ಯಿ ಹಾಕಿದರು ಎಂದು. ಆಗ ನಾಟಕ ಅನಿಸುವುದಿಲ್ಲ. ಒಬ್ಬಳ ಕಣ್ಣಿನ ಆಪರೇಷನ್ ಬರೆದರೆ ಹೇಗೆ ನಾಟಕವಾಗುತ್ತದೆ?

ರಕ್ತದ ಗುಂಪಿನ ವಿಚಾರ ಒಂದು ಮಾತು. ನಮ್ಮ ಸದಸ್ಯತ್ವದ ಫಾರ್ಮಿನಲ್ಲಿ ಆ ಕಲಂ ಇದೆ, ಹೆಚ್ಚಿನವರು ನೆನಪಿನಿಂದ ತುಂಬಿರುತ್ತಾರೆ. ಈ ಊರಿನ ಹೆಸರೇ ಇರುವ ಒಂದು ರಕ್ತದ ಗುಂಪಿದೆ, ಬಾಂಬೆ ಬ್ಲಡ್ ಗ್ರೂಪ್. 1952ರಲ್ಲಿ ಇಲ್ಲಿಯೇ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಅದನ್ನು ಕಂಡುಹಿಡಿದರು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಇರಬಹುದು ಎನ್ನುತ್ತಾರೆ. ಸಾಮಾನ್ಯ ಪರೀಕ್ಷೆಯಲ್ಲಿ ಅದು 'ಓ' ಎಂದೇ ತೋರುತ್ತದೆ, ಆದರೆ ಅವರಿಗೆ 'ಓ' ರಕ್ತ ಕೊಡುವಂತಿಲ್ಲ, ಅದೇ ಗುಂಪಿನದೇ ಆಗಬೇಕು. ಅಂಥವರಿಗೆ ರಕ್ತ ಬೇಕಾದಾಗ ಕೈಹಿಡಿಯುವುದು ಯಾರೋ ವರ್ಷಗಟ್ಟಲೆ ಕಾದಿಟ್ಟ ಹೆಸರುಗಳ ಪಟ್ಟಿ ಮಾತ್ರ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್, ನಮ್ಮ ಮುಂಬಯಿಯ ಥಿಂಕ್ ಫೌಂಡೇಶನ್ ಇಂಥ ದಾನಿಗಳನ್ನು ಹುಡುಕಿ ಸಂಪರ್ಕದಲ್ಲಿ ಇಟ್ಟುಕೊಳ್ಳುವ ಕೆಲಸ ಮಾಡುತ್ತಿವೆ. ಅಲ್ಲಿ ನಂಬರು ಇದ್ದರೆ ಸಾಲದು. ದಾನಿ ಈಗ ಯಾವ ಊರಿನಲ್ಲಿದ್ದಾನೆ, ಹಿಂದಿನ ಸಲ ರಕ್ತ ಕೊಟ್ಟದ್ದು ಯಾವಾಗ ಎಂಬುದು ಗೊತ್ತಿರಬೇಕು. ಗಂಡಸರು ಒಮ್ಮೆ ಕೊಟ್ಟರೆ 90 ದಿನ, ಹೆಂಗಸರು 120 ದಿನ ಕಾಯಬೇಕು. ಅಕ್ಕನ ತಾರೀಕಿನ ಕಲಂ ಎಂದೆನಲ್ಲ, ಅದರ ಬೆಲೆ ಇಲ್ಲಿ ಗೊತ್ತಾಗುತ್ತದೆ. ನಿಮ್ಮ ಗುಂಪು ರಿಪೋರ್ಟಿನಲ್ಲಿ ನೋಡಿದ್ದೋ, ಹಿಂದೆ ಯಾರೋ ಹೇಳಿದ್ದೋ ಎಂದು ಮನೆಗೆ ಹೋಗಿ ಒಮ್ಮೆ ನೋಡಿಕೊಳ್ಳಿ.

ಇನ್ನು ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಏಳುತ್ತಿರುವ ಪ್ರಶ್ನೆ ನನಗೆ ಗೊತ್ತಿದೆ. ಇದು ಪರರ ಮನೆಯ ದೋಸೆ ತೂತು ಎಣಿಸಿದ ಹಾಗೆ ಆಗುವುದಿಲ್ಲವೇ? ಆಗುತ್ತದೆ, ಜಾಗ್ರತೆ ಇಲ್ಲದಿದ್ದರೆ ಖಂಡಿತ ಆಗುತ್ತದೆ. ಒಂದು ಗ್ರೂಪಿನಲ್ಲಿ ಒಬ್ಬ ಹೆಂಗಸಿನ ಆಸ್ಪತ್ರೆಯ ರಿಪೋರ್ಟನ್ನೇ ಫೋಟೋ ತೆಗೆದು ಹಾಕಿ 'ಪ್ರಾರ್ಥಿಸಿ' ಎಂದು ಬರೆದಿದ್ದರು. ಹಾಕಿದವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಆದರೆ ಆಕೆಯ ಮಗಳಿಗೆ ಸಂಬಂಧ ನೋಡುತ್ತಿದ್ದ ಮನೆಯವರು ಅದೇ ಗ್ರೂಪಿನಲ್ಲಿದ್ದರು. ಮಾತುಕತೆ ಅಲ್ಲಿಗೇ ನಿಂತಿತು. ಆ ತಾಯಿ ಮತ್ತೆ ನಮ್ಮ ಯಾವ ಕೂಟಕ್ಕೂ ಬರಲಿಲ್ಲ.

ಆದ್ದರಿಂದ ಕೇಳಿ ಬರೆಯಬೇಕು. "ಇದನ್ನು ನನ್ನ ಪುಸ್ತಕದಲ್ಲಿ ಬರೆದುಕೊಳ್ಳಲೇ?" ಎಂದು ಬಾಯಿಬಿಟ್ಟು ಕೇಳಬೇಕು, ಬೇಡ ಎಂದರೆ ಬೇಡ. ಪುಟದ ಫೋಟೋ ತೆಗೆಯಬಾರದು, ಯಾರಿಗೂ ಫಾರ್ವರ್ಡ್ ಮಾಡಬಾರದು. ಚುನಾವಣೆ ಬಂತೆಂದು, ಅಳಿಯ ಇನ್ಶೂರೆನ್ಸ್ ಏಜೆಂಟ್ ಆದನೆಂದು ಪಟ್ಟಿ ಕೊಡಬಾರದು. ಸಂಘ ಸಂಸ್ಥೆಗಳು ಜನರ ವಿವರವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಒಪ್ಪಿಗೆ ಪಡೆಯಬೇಕು ಎಂದು 2023ರಲ್ಲಿ ಕಾನೂನೇ ಬಂದಿದೆ. ಕಾನೂನು ಇರಲಿ, 'ಒಂಟಿ ಹೆಂಗಸು, ವಯಸ್ಸು 74, ಮಗ ವಿದೇಶದಲ್ಲಿ' ಎಂಬ ಸಾಲು ಕಳ್ಳರ ಕೈಗೆ ಸಿಕ್ಕಿದರೆ ಏನಾಗಬಹುದು ಎಂದು ಯೋಚಿಸಿ. ಪೊಲೀಸ್ ಎಂದು ವಿಡಿಯೋ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ಹಣ ದೋಚುವವರು ಹುಡುಕುವುದು ಇಂಥವರನ್ನೇ. ಹಾಗೆ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಹಣ ಹೋದ ಕೂಡಲೇ ಫೋನ್ ಮಾಡಬೇಕಾದ ನಂಬರು 1930. ಹಿರಿಯರ ಸಹಾಯವಾಣಿ 14567, ಮಹಿಳೆಯರದು 181. ಈ ಮೂರನ್ನು ಪುಸ್ತಕದ ರಟ್ಟಿನ ಒಳಬದಿಯಲ್ಲಿ ಬರೆದುಕೊಳ್ಳಿ.

ಅಕ್ಕನ ಪುಸ್ತಕದ ಎರಡು ಮೂರು ಪುಟಗಳಲ್ಲಿ ನಂಬರಿನ ಪಕ್ಕದಲ್ಲಿ 'ಮಧ್ಯಾಹ್ನ 2ರಿಂದ 4' ಎಂದು ಮಾತ್ರ ಇದೆ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗಂಡ ಅಥವಾ ಮಗ ಮನೆಯಲ್ಲಿರುವಾಗ ಆಕೆ ಫೋನಿನಲ್ಲಿ ಮಾತಾಡುವಂತಿಲ್ಲ ಎಂದು ಹೆಂಗಸರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಪುಟದಲ್ಲಿ ಕಾರಣ ಬರೆಯಬಾರದು. ಹೊತ್ತು ಬರೆದರೆ ಸಾಕು.

ಒಬ್ಬರಿಗೆ ಎಷ್ಟು ಮನೆ? ಮನುಷ್ಯನಿಗೆ ನಿಜವಾಗಿ ನಂಟು ಉಳಿಸಿಕೊಳ್ಳಲು ಆಗುವುದು ಸುಮಾರು 150 ಜನರೊಂದಿಗೆ ಎಂದು ಬ್ರಿಟನ್ನಿನ ರಾಬಿನ್ ಡನ್‌ಬಾರ್ ಎಂಬ ವಿದ್ವಾಂಸರು ಹೇಳಿದ್ದಾರೆ. ಅವರು ಅಡುಗೆ ಮಾಡಿ, ಡಬ್ಬಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು 8.22ರ ಲೋಕಲ್ ಹಿಡಿಯುವವರ ಲೆಕ್ಕ ಹಾಕಿರಲಿಕ್ಕಿಲ್ಲ. ನನ್ನ ಲೆಕ್ಕದಲ್ಲಿ ಇಪ್ಪತ್ತು ಮನೆ. ವಾರಕ್ಕೆ ಎರಡು ಫೋನ್ ಮಾಡಿದರೆ ಎರಡೂವರೆ ತಿಂಗಳಿಗೊಮ್ಮೆ ಎಲ್ಲರೂ ಆಗುತ್ತಾರೆ. ಭಾಗ ಮಾಡುವುದು ಸ್ಟೇಷನಿನ ಪ್ರಕಾರ. ಮುಲುಂಡಿನವರು ಮುಲುಂಡಿನವರನ್ನೇ ನೋಡಿಕೊಳ್ಳಲಿ. ಬೊರಿವಲಿಯವರಿಗೆ ಠಾಣೆಯ ಇಪ್ಪತ್ತು ಮನೆ ಕೊಟ್ಟರೆ ಯಾವ ಪುಸ್ತಕವೂ ನಡೆಯುವುದಿಲ್ಲ.

ಯಾವಾಗ ಫೋನ್ ಮಾಡಬೇಕು ಎಂಬುದೂ ಮುಖ್ಯ. ಹುಟ್ಟಿದ ದಿನಕ್ಕೆ ಎಲ್ಲರೂ ಮಾಡುತ್ತಾರೆ, ಮೊಬೈಲೇ ನೆನಪಿಸುತ್ತದೆ. ಹದಿಮೂರನೆಯ ದಿನದ ಊಟ ಮುಗಿದು, ಊರಿನಿಂದ ಬಂದವರು ರೈಲು ಹತ್ತಿ, ಮನೆ ಖಾಲಿಯಾದ ಮೂರನೆಯ ವಾರದಲ್ಲಿ ಮಾಡಿ. ಗಂಡ ಹೋದ ಮೇಲಿನ ಮೊದಲ ಚೌತಿಗೆ ಮಾಡಿ. ಮಗ ಫೇಲಾದನೆಂದು ಗೊತ್ತಾದರೆ ರಿಸಲ್ಟಿನ ದಿನ ಬೇಡ, ನಾಲ್ಕು ದಿನ ಬಿಟ್ಟು ಮಾಡಿ. "ಎಂಚ ಉಲ್ಲರ್ ಅಕ್ಕ, ದಾದಾಂಡಲ ಬೋಡಾ?" ಎಂದು ಕೇಳಿದರೆ ನಮ್ಮ ಹೆಂಗಸರು ಏನೆನ್ನುತ್ತಾರೆ? ಏನೂ ಬೇಡ, ನಾವು ಆರಾಮ ಇದ್ದೇವೆ. ನೂರಕ್ಕೆ ನೂರು ಇದೇ ಉತ್ತರ. ಆದ್ದರಿಂದ ಬೇಕಾ ಎಂದು ಕೇಳುವುದನ್ನು ಬಿಡಿ. "ಮಾಮಿ, ನಾನು ಬುಧವಾರ ಬ್ಯಾಂಕಿಗೆ ಹೋಗುತ್ತೇನೆ, ಹನ್ನೊಂದು ಗಂಟೆಗೆ ನಿಮ್ಮ ಗೇಟಿನ ಹತ್ತಿರ ರಿಕ್ಷಾ ನಿಲ್ಲಿಸುತ್ತೇನೆ, ಪಾಸ್‌ಬುಕ್ ಹಿಡಿದುಕೊಂಡು ಇಳಿಯಿರಿ" ಎನ್ನಿ. ಇಳಿದೇ ಇಳಿಯುತ್ತಾರೆ.

ಪಿಂಚಣಿದಾರರ ಪುಟಕ್ಕೆ ಒಂದು ಗುರುತು ಹಾಕಿ. ಸರಕಾರಿ ಪಿಂಚಣಿಯವರು ನವೆಂಬರಿನಲ್ಲಿ ಜೀವಂತ ಇದ್ದೇವೆ ಎಂಬ ಪ್ರಮಾಣಪತ್ರ ಕೊಡಬೇಕು, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಪಿ.ಎಫ್. ಪಿಂಚಣಿಯವರಿಗೆ ಯಾವ ತಿಂಗಳಾದರೂ ಸರಿ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಬೆರಳಿನ ಗುರುತು ಸವೆದುಹೋದ ಅಜ್ಜಿಯಂದಿರು ಈಗ ಮೊಬೈಲಿಗೆ ಮುಖ ತೋರಿಸಿಯೂ ಜೀವನ್ ಪ್ರಮಾಣ್ ಮಾಡಿಸಬಹುದು. ಇದನ್ನು ಮಾಡಿಕೊಡಲು ನಿಮ್ಮ ಮನೆಯ ಕಾಲೇಜಿಗೆ ಹೋಗುವ ಹುಡುಗಿಗೆ ಹತ್ತು ನಿಮಿಷ ಸಾಕು. ಮಾಡಿಸದಿದ್ದರೆ ಪಿಂಚಣಿ ನಿಲ್ಲುತ್ತದೆ, ನಿಂತದ್ದು ಯಾಕೆ ಎಂದು ಆ ಅಜ್ಜಿಗೆ ತಿಳಿಯುವಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತದೆ.

ಕಾರ್ಯಾಧ್ಯಕ್ಷೆಯವರು ಗಡಿಯಾರ ನೋಡುತ್ತಿದ್ದಾರೆ, ಊಟದ ಪರಿಮಳವೂ ಬರುತ್ತಿದೆ. ಇನ್ನೊಂದೇ ವಿಷಯ. ನಿಮ್ಮ ಕುರ್ಚಿಯ ಮೇಲೆ ಒಂದು ಖಾಲಿ ಹಾಳೆ ಮತ್ತು ಪೆನ್ಸಿಲ್ ಇಟ್ಟಿದ್ದೇವೆ. ಮೊದಲು ತುಂಬಬೇಕಾದ್ದು ನಿಮ್ಮ ಸ್ವಂತ ಪುಟ. ಮೇಲೆ ನಿಮ್ಮ ಹೆಸರು, ನಿಮ್ಮ ನಂಬರು, ಗಂಡನದಲ್ಲ. ಎದುರು ಮನೆಯವರ ನಂಬರು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ, ಸಂಜೆ ಹೋಗಿ ಕೇಳಿಕೊಳ್ಳಿ. ಕೊಡಲು ಇಷ್ಟವಿಲ್ಲದ್ದನ್ನು ಬರೆಯಬೇಡಿ. ಹಾಳೆಯನ್ನು ನಿಮ್ಮ ಸ್ಟೇಷನಿನವರ ಕೈಗೇ ಕೊಡಿ, ಮೇಜಿನ ಮೇಲೆ ಬಿಟ್ಟುಹೋಗಬೇಡಿ. ಸಂಘದ ರಿಜಿಸ್ಟರಿನಲ್ಲಿ ಗೆರೆ ಎಳೆದಿರುವ ಹೆಸರುಗಳನ್ನು ಕಚೇರಿಯಿಂದ ಪಡೆದಿದ್ದೇವೆ, ಕಳೆದ ಹತ್ತು ವರ್ಷಗಳದ್ದು. ಅವರ ಹೆಂಡತಿಯರು ಈಗ ಎಲ್ಲಿದ್ದಾರೆ ಎಂದು ಹುಡುಕಬೇಕು, ಊಟದ ನಂತರ ಅದನ್ನು ಸ್ಟೇಷನಿನ ಪ್ರಕಾರ ಓದುತ್ತೇವೆ, ಗೊತ್ತಿರುವವರು ಕೈ ಎತ್ತಿ. ದಾದರಿನಿಂದ ಬೊರಿವಲಿವರೆಗೆ, ಘಾಟ್ಕೋಪರಿನಿಂದ ಕಲ್ಯಾಣದವರೆಗೆ, ನವಿಮುಂಬಯಿಗೆ ಒಬ್ಬೊಬ್ಬರು ಒಪ್ಪಿಕೊಂಡಿದ್ದಾರೆ. ವಸಾಯಿ, ನಾಲಾಸೋಪಾರ, ವಿರಾರಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಅಲ್ಲಿಂದ ಬಂದವರು ಊಟಕ್ಕೆ ಕುಳಿತುಕೊಳ್ಳುವ ಮೊದಲು ನನ್ನನ್ನು ಒಮ್ಮೆ ಕಾಣಿರಿ.